ಎಣ್ಣೆ ತಲೆಯ ರಂಗವ್ವ

ಹರಿಹರದ ಕಾರ್ಖಾನೆ ಕಾಲೋನಿಯ ಹೆಂಗಸರ ಸಂಘದವರು ಮುಖ, ತಲೆಗೂದಲು ತಿದ್ದುವ ಕೋಣೆಯೊಂದನ್ನು ಕಟ್ಟಿಸುತ್ತಿದ್ದಾರೆಂದು ಕೇಳಿದಾಗಿನಿಂದ ಹುಲಿಗೆಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ದಾವಣಗೆರೆ ಪಕ್ಕದ ತನ್ನೂರು ಆವರಗೆರೆಯ ಮದುವಣಗಿತ್ತಿಯರಿಗೆಲ್ಲ ಮೊಗ್ಗಿನ ಜಡೆ ಹೆಣೆದು ಬೆರಳು ಪಳಗಿಸಿಕೊಂಡ ಹುಡುಗಿ. ಆ ಕೋಣೆ ತನ್ನದಾಗಬೇಕು, ಅಷ್ಟೇ!

ಸಂಘದವರದೂ ಒಂದು ಕೊಕ್ಕೆ ಇತ್ತು. ಕರೆಂಟು, ಕಾದ ಕಬ್ಬಿಣ ಇರುವ ಜಾಗ. ಯಾರಿಗಾದರೂ ಸುಟ್ಟರೆ ಪರಿಹಾರಕ್ಕೆ ವಿಮೆ ಬೇಕು. ವಿಮೆಯವರು ಒಪ್ಪುವ ತರಬೇತಿ ಪಡೆದವಳಿಗೇ ಬೀಗದಕೈ.

ಹುಬ್ಬಳ್ಳಿಯಲ್ಲಿ ಸರ್ಕಾರದ ಮಾನ್ಯತೆ ಪಡೆದ ಶಾಲೆಯೊಂದಿತ್ತು. ಅಲ್ಲಿ ಕಲಿಯಲು ವರ್ಷ ಬೇಕು. ದಾವಣಗೆರೆ ಪೇಟೆಯಲ್ಲಿ ಬೊಂಬಾಯಿಯಿಂದ ಬಂದ ಮೇಡಮ್ಮೊಬ್ಬಳು ಒಂದೇ ತಿಂಗಳಲ್ಲಿ ಎಲ್ಲ ಕಲಿಸುವುದಾಗಿ ಬೋರ್ಡು ಹಾಕಿದ್ದಳು. ವರ್ಷ ಕಾಯುವಷ್ಟರಲ್ಲಿ ಕೋಣೆಯನ್ನು ಇನ್ಯಾರೋ ಹಾರಿಸಿಕೊಂಡು ಹೋದರೆ?

"ಹುಬ್ಬಳ್ಳಿ ಯಾಕ ಬೇಕೇ? ಮನಿ ಬಾಗ್ಲಾಗೇ ಐತಲ್ಲ," ಎಂದಳು ಸಾಕಿ ಬೆಳೆಸಿದ ಸೋದರತ್ತೆ ರಂಗವ್ವ. ಮೊದಲ ಪಾಠಕ್ಕೆ ತನ್ನ ತಲೆಯನ್ನೇ ಕೊಡುತ್ತೇನೆಂದು ಹಿಂದೆಯೇ ಹೊರಟಳು.

ಒಣ ತಲೆಯಲ್ಲಿ ಹೊಸಬರ ಹೊಸ್ತಿಲು ತುಳಿಯುವವಳಲ್ಲ ರಂಗವ್ವ. ಅದು ಅಪಶಕುನ. ಹರಳೆಣ್ಣೆಯನ್ನು ನೆತ್ತಿಯಿಂದ ಹಣೆಗೆ ಇಳಿಯುವಷ್ಟು ಹಚ್ಚಿಕೊಂಡಿದ್ದಳು. ಮಹಾತಾಯಿ ಮೇಡಮ್ಮು ಕೂದಲು ಮುಟ್ಟಿಯೂ ನೋಡದೆ, ಗುಂಗುರು ನೇರ ಮಾಡುವ ಕಾದ ಇಕ್ಕಳ ಹಾಕಿಯೇಬಿಟ್ಟಳು. ಮಿರ್ಚಿ ಬಾಣಲೆಗೆ ಬಿದ್ದಂತೆ ಚೊಯ್ ಎಂದಿತು! ಹೊಗೆಯ ಜೊತೆಗೆ ಒಂದು ಹಿಡಿ ಕೂದಲೂ ಇಕ್ಕಳಕ್ಕೆ ಬಂತು.

"ಅಯ್ಯಯ್ಯೋ, ನನ್ನ ತಲಿ ಸುಟ್ಲಲ್ಲೇ!"

"ಎಣ್ಣೆ ಹಚ್ಚಿಕೊಂಡು ಬಂದದ್ದು ನಿಮ್ಮದೇ ತಪ್ಪು," ಎಂದಳು ಮೇಡಮ್.

ಹುಲಿಗೆಮ್ಮನಿಗೆ ಮೈಯೆಲ್ಲ ಉರಿಯಿತು. "ನಮ್ಮೂರಾಗ ಎಣ್ಣಿ ಹಚ್ಚದ ತಲಿ ಎಲ್ಲೈತ್ರಿ? ನಿಮ್ಮ ತರಬೇತಿ ವಿಮೆಯೋರು ಒಪ್ತಾರೇನ್ರಿ?"

"ವಿಮೆಯವರು ಯಾಕೆ? ನನ್ನ ಸಹಿ ಸಾಲದೇ?"

ಬೆಳ್ಳಗಿರುವುದೆಲ್ಲ ಹಾಲಲ್ಲ. ಅತ್ತೆಯ ತಲೆಗೆ ಸೆರಗು ಹೊದಿಸಿ ಮನೆಗೆ ಬಿಟ್ಟವಳೇ ಹುಲಿಗೆಮ್ಮ ಹರಿಹರದ ರೈಲು ಹತ್ತಿದಳು. ಸಂಘಕ್ಕೆ ವಿಮೆ ಮಾಡಿಸುವ ಏಜೆಂಟ್ ಕರಿಬಸವರಾಜನನ್ನು ಹುಡುಕಿ ನೇರವಾಗಿ ಕೇಳಿದಳು.

"ಆ ಮೇಡಮ್ಮಂದು ನಡಿಯಂಗಿಲ್ಲ ತಂಗಿ. ಹುಬ್ಬಳ್ಳಿ ಶಾಲೀದು ತಗಂಬಾ, ಕಂಪನಿಯೋರು ಒಪ್ತಾರೆ."

"ಅಲ್ಲೀತನ ಕೋಣೆ ಬ್ಯಾರೇರ ಪಾಲಾದ್ರೆ?"

"ವಿಮೆ ಇಲ್ದೆ ಬೀಗ ತೆಗಿಯಂಗಿಲ್ಲಲ್ಲ! ಹುಬ್ಬಳ್ಳೀಲಿ ಕಲ್ತೋರು ಈ ಕಡೆ ಯಾರೂ ಇಲ್ಲ, ತಿಂಗಳ ಪಾಠದೋರು ಎಷ್ಟ್ ಜನ ಬಂದ್ರೂ ಹೊರಗೇ."

ಹೆದರಿಸುತ್ತಿದ್ದ ಆ ಕೊಕ್ಕೆಯೇ ತನ್ನ ಕೋಣೆಯನ್ನು ಕಾಯುತ್ತದೆಂದು ತಿಳಿದಾಗ ಹುಲಿಗೆಮ್ಮನಿಗೆ ಕುಣಿಯುವಷ್ಟು ಖುಷಿಯಾಯಿತು. ಮುಂದಿನ ವಾರವೇ ಹುಬ್ಬಳ್ಳಿಗೆ ಹೊರಟಳು. ಹರಿಹರ ದಾಟಿ ರೈಲು ಹೊಳೆಯ ಸೇತುವೆ ಏರಿದಾಗ ಕಿಟಕಿಯಿಂದ ಕಾಲೋನಿಯ ಕೋಣೆಯ ಕಡೆಗೆ ಕತ್ತು ಚಾಚಿ, "ಬರ್ತೀನಿ, ಕಾದಿರು!" ಎಂದು ಕೂಗಿಯೇಬಿಟ್ಟಳು. ಎದುರಿಗೆ ಕೂತವರು ನಕ್ಕರು, ನಗಲಿ ಬಿಡಿ.

ವರ್ಷ ಕಳೆದು ಕೋಣೆ ತೆರೆಯಿತು. ಬೀಗದಕೈ ಹುಲಿಗೆಮ್ಮನ ಸೊಂಟದಲ್ಲಿತ್ತು. ಮೊದಲ ಗಿರಾಕಿಯಾಗಿ ಒಳಬಂದವಳು ರಂಗವ್ವ. ಹಣೆಯ ಮೇಲೆ ಹರಳೆಣ್ಣೆ ಇಳಿಯುತ್ತಿತ್ತು. ಸಂಘದ ಹೆಂಗಸರು ಮುಖ ಮುಖ ನೋಡಿಕೊಂಡರು.

"ಅತ್ತೀ, ಹೋದ ಸಲ ಸುಟ್ಟಿದ್ದು ಸಾಲದೇನು? ಮತ್ತ ಯಾಕ ಹಚ್ಕಂಬಂದಿ?"

"ಮತ್ತೇನೇ? ನಿನ್ನ ಹೊಸ್ತಿಲಿಗೆ ಮೊದ್ಲು ಬರಾಕ್ಹತ್ತೀನಿ, ಒಣ ತಲೀಲಿ ಬರ್ಲೇನು?"

ಹುಲಿಗೆಮ್ಮನ ಕಣ್ಣು ತುಂಬಿತು. ಇಕ್ಕಳವನ್ನು ಆಚೆಗಿಟ್ಟು, ಮೊದಲೇ ಕಲಸಿಟ್ಟಿದ್ದ ಸೀಗೆಪುಡಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು.