ನೆಟ್ಟಗೆ ನಿಂತ ಲೋಟ

ಹೆಣ ಇಡುವ ಫ್ರೀಜರ್ ಪೆಟ್ಟಿಗೆಯನ್ನು ಓರೆ ಮಾಡಿ ಒಳಗೆ ತರುವಾಗ ಯಾರದೋ ಕಾಲು ತಾಗಿ, ಹೊಸ್ತಿಲ ಬಳಿಯಿದ್ದ ಹಿತ್ತಾಳೆ ಲೋಟ ಉರುಳಿತು. ಕಲಾವತಿ ಅಳುವುದನ್ನು ಅಲ್ಲಿಗೇ ಬಿಟ್ಟು ಎದ್ದಳು. ಲೋಟಕ್ಕೆ ಮತ್ತೆ ನೀರು ತುಂಬಿ, ಪಕ್ಕದಲ್ಲೊಂದು ಬೆಲ್ಲದ ಚೂರು ಇಟ್ಟಳು.

“ಅಮ್ಮಾ, ಇವತ್ತಾದ್ರೂ ಅದನ್ನು ತೆಗಿ,” ಮಗ ಮಿಥುನ್ ಪಿಸುಗುಟ್ಟಿದ. “ಜನ ಎಂತ ಹೇಳ್ತಾರೆ?”

“ನಲವತ್ತು ವರ್ಷ ನಿನ್ನಪ್ಪ ಇಟ್ಟದ್ದು. ಅವ್ರು ಹೊರಡುವ ದಿನ ತೆಗೀಲಿಕ್ಕುಂಟಾ?”

ತೀರಿಹೋದ ರಾಮದಾಸರ ಜೊತೆ ಎಗ್ಮೋರಿನ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ ಕೃಷ್ಣರಾಜ ಕಣ್ಣೊರೆಸಿಕೊಳ್ಳುತ್ತಲೇ ನಕ್ಕ. “ಹೋಟೆಲಲ್ಲೂ ಹಾಗೇ ಅತ್ತಿಗೆ. ಖಾಲಿ ಟೇಬಲಿಗೆ ನೀರು ಇಡ್ತಿದ್ರು. ಯಾರಿಗೆ ರಾಮದಾಸಣ್ಣ ಅಂದ್ರೆ, ‘ಒಬ್ರು ಬರ್ಲಿಕ್ಕೆ ಬಾಕಿ’ ಅನ್ನೋರು. ಈಗ ಊರಲ್ಲಿ ಅವರು ಮೊದಲಿದ್ದ ದ್ವೀಪದಲ್ಲಿ ರಿಸಾರ್ಟಂತೆ, ಲೈಫ್ ಜಾಕೆಟಂತೆ. ಆಗ ಎಂತ ಇತ್ತು? ಇವರದ್ದೊಂದು ತೆಂಗಿನ ಮಡಲಿನ ಕ್ಯಾಂಟೀನು.”



*

ಮೊದಲು ಆ ದ್ವೀಪಕ್ಕೆ ಬಲೆ ಒಣಗಿಸುವವರು ಮಾತ್ರ ಬರುತ್ತಿದ್ದರು. ಆಮೇಲೆ ಪಿಕ್ನಿಕ್ಕಿನವರು. ದೋಣಿ ಇಳಿದವರಿಗೆಲ್ಲ ರಾಮದಾಸರು ಬೆಲ್ಲ, ನೀರು ಕೊಡುತ್ತಿದ್ದರು. ಹೊರಡುವಾಗ ತಂತಮ್ಮ ಲೋಟವನ್ನು ತಾವೇ ಕವುಚಿ ಹಾಕಬೇಕು. ಎಲ್ಲ ಲೋಟ ಕವುಚಿದ ಮೇಲೆಯೇ ಕೊನೆಯ ದೋಣಿ.

ಒಂದು ಸಂಜೆ ಗಾಳಿ ಎದ್ದಿತು. ಒಂದು ಲೋಟ ನೆಟ್ಟಗೆ ನಿಂತೇ ಇತ್ತು. ಒಬ್ಬಳೇ ಬಂದಿದ್ದ ಹೆಂಗಸಿನದು. ರಾಮದಾಸರು ಕೂಗಿದರು, ಬಂಡೆಗಳ ಹಿಂದೆ ಹುಡುಕಿದರು. ದೋಣಿಯಲ್ಲಿ ಮಕ್ಕಳು ಅಳುತ್ತಿದ್ದವು. ಕೊನೆಗೆ ಅದನ್ನು ತಾವೇ ಕವುಚಿ, ದೋಣಿ ಬಿಡಿಸಿದರು.

ಬೆಳಿಗ್ಗೆ ಹೋದಾಗ ಲೋಟ ನೆಟ್ಟಗೆ ನಿಂತಿತ್ತು. ಒಳಗೆ ಅಂಚಿನವರೆಗೂ ಉಪ್ಪುನೀರು. ಹೆಂಗಸು ಸಿಗಲೇ ಇಲ್ಲ. ರಾಮದಾಸರು ಕ್ಯಾಂಟೀನು ಮುಚ್ಚಿ, ಆ ಲೋಟ ಹಿಡಿದು ಎಗ್ಮೋರಿಗೆ ಬಂದರು.

“ಅವಳು ತಾನೇ ಕವುಚುವವರೆಗೆ ನನ್ನ ಕೊನೆಯ ದೋಣಿ ಹೊರಡ್ಲಿಕ್ಕಿಲ್ಲ,” ಎಂದು ಮದುವೆಯ ಹೊಸದರಲ್ಲಿ ಕಲಾವತಿಗೆ ಒಮ್ಮೆ ಹೇಳಿದ್ದರು. ಮತ್ತೆ ಆ ಮಾತು ಎತ್ತಲಿಲ್ಲ.

*

ಹೆಣವನ್ನು ಗಾಡಿಗೆ ಏರಿಸಿದರು. ಹೆಂಗಸರು ಬಾಗಿಲಲ್ಲೇ ನಿಂತರು. ಗಾಡಿ ಕೆಮ್ಮಿತು, ಸುಮ್ಮನಾಯಿತು. ಮತ್ತೆ ಕೆಮ್ಮಿತು.

“ಕಾಲೈಲ ನಲ್ಲಾ ಇರುಂದುಚ್ಚು ಸಾರ್!” ಬೆಳಿಗ್ಗೆ ಚೆನ್ನಾಗಿಯೇ ಇತ್ತೆಂದು ತಮಿಳಿನಲ್ಲಿ ಹೇಳುತ್ತ ಡ್ರೈವರು ಬೆವರೊರೆಸಿಕೊಂಡ. ಗಂಡಸರು ನೂಕಿದರು. ಅಲುಗಲಿಲ್ಲ.

ಕಲಾವತಿಯ ಕೈ ಲೋಟದ ಕಡೆ ಹೋಯಿತು. ಕವುಚಿಬಿಟ್ಟರೆ ಆಯಿತಲ್ಲ? ಹಿತ್ತಾಳೆ ಮುಟ್ಟಿದ್ದೇ ಬೆರಳು ಹಿಂದೆ ಬಂತು. ಬೇಸಿಗೆಯ ಮಧ್ಯಾಹ್ನ ಅದು ಮಂಜಿನಷ್ಟು ತಣ್ಣಗಿತ್ತು.

ಅವಳು ಕಣ್ಣು ಮುಚ್ಚಿ, ನೆಂಟರನ್ನು ಕರೆಯುವ ದನಿಯಲ್ಲಿ ಹೇಳಿದಳು: “ಬಾ ತಂಗಿ. ಬೆಲ್ಲ ತಿಂದು ನೀರು ಕುಡಿ. ಕೊನೇ ದೋಣಿ. ನೀನು ಹತ್ತದೆ ಅವ್ರು ಬಿಡೋದಿಲ್ಲ.”

ಹೊರಗೆ ಗಾಡಿ ಒಮ್ಮೆಲೇ ಗುರುಗುಟ್ಟಿ ಹೊರಟಿತು.

ಕಣ್ಣು ಬಿಟ್ಟಾಗ ಲೋಟ ಕವುಚಿ ಕೂತಿತ್ತು. ಬೆಲ್ಲ ಇರಲಿಲ್ಲ. ಒಣ ಸಿಮೆಂಟಿನ ಮೇಲೆ, ಗಾಡಿ ನಿಂತಿದ್ದ ಜಾಗದವರೆಗೆ, ಮರಳು ಮೆತ್ತಿದ ಒದ್ದೆ ಹೆಜ್ಜೆಗಳು.