ಮುಂದಿನ ಬೆಂಚಿನ ಮನೆ

ಮೇಣದಬತ್ತಿ ಮಾಡುವವನ ಮನೆಯಲ್ಲಿ ಬೆಳಗಾಗುವುದೇ ಹಂಡೆಯಡಿ ಬೆಂಕಿ ಹೊತ್ತಿಕೊಂಡ ಮೇಲೆ. ಅವನ ಅಕ್ಕ ಮೇಣ ಕರಗಿಸುವಳು. ತಮ್ಮನಾದ ಅವನು ಬತ್ತಿ ಕಟ್ಟಿದ ಚೌಕಟ್ಟನ್ನು ಹಂಡೆಗೆ ಇಳಿಸಿ, ಎತ್ತಿ, ಆರಲು ತೂಗುಹಾಕಿ, ಆರಿದ ಮೇಲೆ ಮತ್ತೆ ಅದ್ದುವನು. ಅವನ ಮಗಳು ಬುಡ ಕತ್ತರಿಸಿ ಸಮ ಮಾಡಿ ಕಟ್ಟು ಕಟ್ಟುವಳು. ಇವರೆಲ್ಲರ ಮೇಲೆ ಅಜ್ಜಿಯ, ಅಂದರೆ ಆ ಅಕ್ಕತಮ್ಮಂದಿರ ಅಮ್ಮನ, ಬಾಯಿ. ಜಪಸರ ಹಿಡಿದು ಕೂತರೂ ಆಕೆಯ ಕಣ್ಣು ಕೆಲಸದ ಮೇಲೆಯೇ. ಜಪದ ನಡುವೆ "ಅಯ್ಯೋ, ಆ ಬತ್ತಿ ಸೊಟ್ಟ ಆಯ್ತಲ್ಲೋ!" ಎಂದು ಸೇರಿಸಿ, ಬಿಟ್ಟಲ್ಲಿಂದ ಮತ್ತೆ ಜಪ ಹಿಡಿಯುವಳು. ಇಷ್ಟು ವರ್ಷದಲ್ಲಿ ದೇವಮಾತೆಗೂ ಅದು ಅಭ್ಯಾಸವಾಗಿ ಹೋಗಿರಬೇಕು.

ಕೆಲಸದ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಬೀದಿಯ ಕಡೆಗೆ. ಅದಕ್ಕೆ ಅಜ್ಜಿ ಮೊಳೆ ಹೊಡೆಸಿದ್ದಳು. ಮೇಣದ ಹೊಗೆಗೆ ಛಾವಣಿ ಕಪ್ಪಾಗಿತ್ತು, ಬೇಸಗೆಯಲ್ಲಿ ಉಸಿರು ಕಟ್ಟುತ್ತಿತ್ತು. ಆದರೂ ಕಿಟಕಿ ತೆಗೆಯುವಂತಿರಲಿಲ್ಲ. ತೆಗೆದರೆ ಹಂಡೆಯ ಮುಂದೆ ಕೂತ ಅಕ್ಕ ಬೀದಿಗೆ ಕಾಣುತ್ತಾಳೆ. ಅಕ್ಕ ಯಾರಿಗೂ ಕಾಣಬಾರದು, ಏಕೆಂದರೆ ಅಕ್ಕ ಸನ್ಯಾಸಿನಿಯಾಗಲು ಕಾನ್ವೆಂಟಿಗೆ ಹೋಗಿ ವಾಪಸ್ ಬಂದವಳು.

ಆ ಊರಿನ ಚರ್ಚಿನಲ್ಲಿ ಒಂದು ಪದ್ಧತಿ ಬೆಳೆದು ನಿಂತಿತ್ತು. ಮಕ್ಕಳಲ್ಲಿ ಒಬ್ಬರನ್ನು ದೇವರಿಗೆ ಒಪ್ಪಿಸಿದ ಮನೆಯವರಿಗೆ ಮುಂದಿನ ಬೆಂಚು. ಯಾವ ಗುರುಗಳೂ ಹೀಗೆಂದು ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಆ ಬೆಂಚಿನಲ್ಲಿ ಕೂತ ತಾಯಂದಿರ ಬೆನ್ನು ನೋಡಿಯೇ ಹಿಂದಿನ ಬೆಂಚಿನವರು ಮಕ್ಕಳ ತಲೆ ಮುಟ್ಟಿ ಹರಕೆ ಹೊರುತ್ತಿದ್ದರು. ಇನ್ನು ಒಪ್ಪಿಸಿದ ಮಗಳು ವಾಪಸ್ ಬಂದುಬಿಟ್ಟರೆ? ಅವಳನ್ನು ಯಾರೂ ಮದುವೆಗೆ ಕೇಳುವುದಿಲ್ಲ, ಮಗುವಿನ ನಾಮಕರಣಕ್ಕೆ ಕರೆಯುವುದಿಲ್ಲ. ಕಳ್ಳನನ್ನಾದರೂ ಕೂರಿಸಿ ಮಾತಾಡಿಸಿಯಾರು, ಇವಳನ್ನಲ್ಲ. ಪ್ರೀತಿಸುವ ದೇವರ ಹೆಸರಿನಲ್ಲಿ ಇಷ್ಟು ಕಲ್ಲೆದೆ ಎಲ್ಲಿಂದ ಬಂತೋ!

ಅಕ್ಕನನ್ನು ಅಜ್ಜಿ ಇನ್ನೂ ಎರಡು ಜಡೆ ಹಾಕುವ ವಯಸ್ಸಿನಲ್ಲೇ ಒಪ್ಪಿಸಿದ್ದಳು. ಕೆಲವು ವರ್ಷದ ಮೇಲೆ ಸಿಸ್ಟರುಗಳೇ ಅವಳನ್ನು ಕೂರಿಸಿಕೊಂಡು, "ಇದು ನಿನ್ನ ದಾರಿ ಅಲ್ಲಮ್ಮ, ಮನೆಗೆ ಹೋಗು" ಎಂದು ಹರಸಿ ಕಳಿಸಿದರು. ಅವಳು ಬಂದ ವರ್ಷವೇ ತಮ್ಮನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಅಜ್ಜಿ ಎರಡನ್ನೂ ಸೇರಿಸಿ ಗಂಟು ಹಾಕಿದಳು. "ಕೊಟ್ಟಿದ್ದು ವಾಪಸ್ ಬಂತು ನೋಡು, ಅದಕ್ಕೇ ದೇವರು ಸೊಸೆನ ಕರ್ಕೊಂಡ. ಈ ಕೂಸಾದ್ರೂ ಉಳೀಲಿ, ಇದನ್ನ ಅವನಿಗೇ ಕೊಡ್ತೀನಿ" ಎಂದು ಇನ್ನೂ ಸ್ನಾನವಾಗದ ಮಗುವಿನ ಮೇಲೆ ಕೈಯಿಟ್ಟು ಮಾತು ಕೊಟ್ಟಳು. ಅಂದಿನಿಂದ ಅದು ಬೀದಿಗೆಲ್ಲ "ದೇವರ ಕೂಸು". ಆ ಮಾತಿನ ಬಲದ ಮೇಲೆ ಅಜ್ಜಿಗೆ ಮುಂದಿನ ಬೆಂಚೂ ಉಳಿಯಿತು. ದೇವರ ಕೂಸಿಗೆ ಬಣ್ಣದ ಲಂಗವಿಲ್ಲ, ಕನ್ನಡಿಯಿಲ್ಲ, ಗೆಳತಿಯರ ಮನೆಯಿಲ್ಲ. ಅದನ್ನು ಎದೆಗವಚಿಕೊಂಡು ಸಾಕಿದವಳು ಮಾತ್ರ ಅತ್ತೆ, ಅಂದರೆ ಆ ವಾಪಸ್ ಬಂದವಳು.

ಮೇಣದವನು ಕೆಟ್ಟವನಲ್ಲ, ಅಮ್ಮನ ಮುಂದೆ ಬಾಯಿ ಸತ್ತವನು, ಅಷ್ಟೆ. ಹೂಂ ಎನ್ನುವುದನ್ನು ಎಳವೆಯಲ್ಲೇ ಕಲಿತಿದ್ದ, ಊಹೂಂ ಎನ್ನುವ ಪಾಠಕ್ಕೆ ಅವನು ಹೋಗಿರಲೇ ಇಲ್ಲ.

ಮಗಳು ಓದು ಮುಗಿಸಿದ ವರ್ಷ ಕಾನ್ವೆಂಟಿನ ಮದರ್ ಅವಳನ್ನು ನೋಡಲು ಬಂದರು. ಸಣ್ಣಗೆ, ಗಟ್ಟಿಮುಟ್ಟಾಗಿದ್ದ ಮುದುಕಿ. ಕುರ್ಚಿ ಬೇಡವೆಂದು ಮೇಣದ ಪೆಟ್ಟಿಗೆಯ ಮೇಲೇ ಕೂತರು.

"ಬರೋಕೆ ಇಷ್ಟ ಇದೆಯಾ ಮಗು?"

ಮಗಳು ಅಜ್ಜಿಯ ಮುಖ ನೋಡಿದಳು. "ಇದೆ ಮದರ್."

"ಸುಳ್ಳು," ಎಂದಿತು ಹಂಡೆಯ ಕಡೆಯಿಂದ ಒಂದು ದನಿ. ಅಕ್ಕ ಸೌಟು ಕೆಳಗಿಟ್ಟಿರಲಿಲ್ಲ. "ನಾನೂ ಅವತ್ತು ಹೀಗೇ ಹೇಳಿದ್ದೆ ಮದರ್. ಇದೇ ದನಿಯಲ್ಲಿ."

ಅಜ್ಜಿ ಕೆಂಡವಾದಳು. "ನೋಡಿ ಮದರ್, ತಾನೂ ಕೆಟ್ಟಳು, ಮಗೂನೂ ಕೆಡಿಸ್ತಿದ್ದಾಳೆ! ನಾನು ಕರುಳು ಕಿತ್ತು ದೇವರಿಗೆ ಕೊಡ್ತಿದ್ದೀನಿ. ಈ ಲೋಕದ ವ್ಯಾಮೋಹ ಎಲ್ಲಾ ಬಿಟ್ಟೇ ಕೊಡ್ತಿದ್ದೀನಿ."

"ಎಲ್ಲಾ ಬಿಟ್ರಾ?" ಮದರ್ ಸಮಾಧಾನದಿಂದ ಕೇಳಿದರು. "ಹಾಗಾದ್ರೆ ಒಂದು ಮಾಡಿ. ಮೊಮ್ಮಗಳು ಕಾನ್ವೆಂಟಿಗೆ ಬರಲಿ, ನೀವು ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ. ಆಗುತ್ತಾ?"

ಅಜ್ಜಿ ಜಪಸರದ ಮಣಿ ತಿರುಗಿಸತೊಡಗಿದಳು.

"ಮಗೂನ ಬಿಡೋಕೆ ತಯಾರಿದ್ದೀರಿ, ಬೆಂಚು ಬಿಡೋಕೆ ಆಗ್ತಿಲ್ಲ. ವ್ಯಾಮೋಹ ಅಂದ್ರೆ ಅದೇ ಅಲ್ವೇನಮ್ಮ? ಹರಕೆ ಹೊತ್ತಿದ್ದು ನೀವು, ಅದು ನಿಮ್ಮ ತಲೆ ಮೇಲೆ. ಇನ್ನೊಬ್ಬರ ಜೀವ ಕೊಡ್ತೀನಿ ಅನ್ನೋಕೆ ಅದು ನಿಮ್ಮ ಅಂಗಡಿ ಸರಕಾ?"

"ಹಿಂದಿನಿಂದ ನಡ್ಕೊಂಡು ಬಂದಿದೆ ಮದರ್. ನಮ್ಮ ಹಿರಿಯರೇನು ದಡ್ಡರಾ? ನಾನು ಮಾತು ತಪ್ಪಿದ್ರೆ ಮನೇಲಿ ಇನ್ನೊಂದು ಹೆಣ ಬೀಳುತ್ತೆ."

ಮದರ್ ಎದ್ದು ನಿಂತರು. "ಒಪ್ಪಿಸೋ ದಿನ ಪೀಠದ ಮುಂದೆ ಇನ್ನೊಂದು ಸಲ ಕೇಳ್ತೀನಿ. ಅವತ್ತು ಮಗು ಏನು ಹೇಳುತ್ತೋ ಅದೇ." ಹೋಗುವ ಮುಂಚೆ ಹಂಡೆಯ ಹತ್ತಿರ ಹೋಗಿ ಅಕ್ಕನ ಕೈ ಹಿಡಿದುಕೊಂಡರು. ಹೊರಗಿನವರು ಅವಳನ್ನು ಮುಟ್ಟಿ ಎಷ್ಟು ಕಾಲವಾಗಿತ್ತೋ, ಅವಳು ಕೈ ಹಿಂದಕ್ಕೆಳೆದುಕೊಳ್ಳುವುದನ್ನೇ ಮರೆತಳು.

ಅಕ್ಕನಿಗೆ ಕೆಮ್ಮು ಮೊದಲಿನಿಂದಲೂ ಇತ್ತು. ಆ ತಿಂಗಳು ಅದು ಎದೆಯೊಳಗೆ ಇಳಿಯಿತು. ನಾಲ್ಕು ಮಾತಾಡಿದರೆ ಏದುಸಿರು, ಮಲಗಿದರೆ ಉಸಿರೇ ಸಿಗದು. ಗೋಡೆಗೊರಗಿ ಕೂತೇ ದಿನ ಕಳೆಯುವಳು.

"ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಮ್ಮ," ಎಂದ ಮೇಣದವನು.

"ಕೂಸನ್ನ ಒಪ್ಪಿಸೋ ದಿನ ಹತ್ರ ಬಂತು. ಈಗ ಇವಳನ್ನ ಬೀದೀಲಿ ಹೊತ್ಕೊಂಡು ಹೋದ್ರೆ ಮರೆತೋರಿಗೂ ನೆನಪಾಗುತ್ತೆ. ಕಷಾಯ ಕೊಡು, ಹೋಗುತ್ತೆ."

ಅವನು ಹೂಂ ಎಂದ. ಕಷಾಯ ಕಾಸಿದ.

ಒಂದು ಮಧ್ಯಾಹ್ನ ಅತ್ತೆಯ ಬೆನ್ನು ಸವರುತ್ತ ಕೂತಿದ್ದ ಮಗಳು ಕೇಳಿದಳು, "ಅತ್ತೆ, ನಾನು ಹೋಗಲ್ಲ ಅಂದ್ರೆ ದೇವರಿಗೆ ಸಿಟ್ಟು ಬರುತ್ತಾ?"

ಅಕ್ಕ ಉಸಿರು ಕೂಡಿಸಿಕೊಂಡಳು. "ಎಲ್ಲಾ ಬಿಟ್ಟು ಬಾ ಅಂತ ದೇವರು ಕರೆಯೋದು ನಿಜ ಕಣೇ. ಅಲ್ಲಿ ನಾನು ನೋಡಿದ್ದೀನಿ. ಕರೆ ಕೇಳಿ ಬಂದವರು ಎಷ್ಟು ಹಗುರವಾಗಿ ಓಡಾಡ್ತಿದ್ರು ಅಂತೀಯ! ಆದರೆ ಕರೆಯೋನು ಅವನು, ನಿನ್ನಜ್ಜಿ ಅಲ್ಲ."

"ನಿನಗೆ ನಮ್ಮ ಮೇಲೆ ಕೋಪ ಇಲ್ವಾ?"

"ಇತ್ತು. ಹಿಡ್ಕೊಂಡು ಕೂತ್ರೆ ಅದೂ ತಲೆ ಮೇಲಿನ ಒಂದು ಗಂಟು. ಬಿಟ್ಬಿಟ್ಟೆ." ಸ್ವಲ್ಪ ನಕ್ಕಳು, ನಗು ಕೆಮ್ಮಾಯಿತು. ಬಾಗಿಲಲ್ಲಿ ನಿಂತಿದ್ದ ತಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಅಮ್ಮನನ್ನು ಕೇಳದೆ ಓಡಿ ಹೋಗಿ ಡಾಕ್ಟರನ್ನು ಕರೆತಂದ.

ಡಾಕ್ಟರು ಅಕ್ಕನನ್ನು ಪರೀಕ್ಷಿಸಿ, ಆಮೇಲೆ ಕಪ್ಪು ಛಾವಣಿಯನ್ನೂ ಮೊಳೆ ಹೊಡೆದ ಕಿಟಕಿಯನ್ನೂ ನೋಡಿದರು. "ಈ ಕೋಣೇಲಿ ಇವರನ್ನ ಎಷ್ಟು ವರ್ಷದಿಂದ ಕೂರಿಸಿದ್ದೀರಿ?" ಎಂದರು. "ಎದೆಯೆಲ್ಲ ಹೊಗೆಗೆ ಹಾಳಾಗಿದೆ. ಹೋದ ವಾರ ಕರೆದಿದ್ರೂ ಏನಾದ್ರೂ ಮಾಡ್ತಿದ್ದೆ." ಗುರುಗಳು ಬಂದು ಹಣೆಗೆ ಪವಿತ್ರ ತೈಲ ಹಚ್ಚಿ ಕೊನೆಯ ಅಭ್ಯಂಗ ಕೊಟ್ಟರು. ಮರುದಿನ ಅಕ್ಕ ತೀರಿಕೊಂಡಳು.

ಮಣ್ಣಿಗೆ ಬಂದವರು ಬೆರಳೆಣಿಕೆಯ ಜನ. ಮುಂದಿನ ಬೆಂಚಿನವರಲ್ಲಿ ಒಬ್ಬರೂ ಇಲ್ಲ. ಅಜ್ಜಿ ಅತ್ತಳು, ನಿಜವಾಗಿಯೇ ಅತ್ತಳು. ಹೆತ್ತ ಹೊಟ್ಟೆಯಲ್ಲವೇ! ಆದರೆ ಕಣ್ಣೀರು ಒರೆಸಿಕೊಂಡವಳೇ ಮೊಮ್ಮಗಳ ಬಿಳಿ ಬಟ್ಟೆ ಹೊಲಿಯಲು ಕೊಟ್ಟದ್ದು ಬಂತೇ ಎಂದು ಕೇಳಿದಳು.

"ಅಕ್ಕನನ್ನೇ ದೇವರು ಕರ್ಕೊಂಡ. ಇನ್ನಾದ್ರೂ ಹರಕೆ ತೀರಿತು ಅನ್ಕೋಬಾರದಾ ಅಮ್ಮ?"

"ಸತ್ತದ್ದು ಹರಕೆಗೆ ಸಲ್ಲುತ್ತೇನೋ?" ಎಂದಳು ಅಜ್ಜಿ.

ಒಪ್ಪಿಸುವ ಭಾನುವಾರ ಚರ್ಚು ತುಂಬಿತ್ತು. ಪೂಜೆಯ ಕೊನೆಯಲ್ಲಿ ಮನೆಯ ಹಿರಿಯಳು ಹುಡುಗಿಯ ಕೈ ಹಿಡಿದು ಪೀಠದ ಮುಂದೆ ತರಬೇಕು, ಮದರ್ ಆ ಕೈ ತೆಗೆದುಕೊಳ್ಳಬೇಕು, ಅದು ಪದ್ಧತಿ. ಅಜ್ಜಿ ಹೊಸ ಸೀರೆಯುಟ್ಟು ಬಂದಳು. ಮಗಳ ಮುಖ ಅವಳ ಬಟ್ಟೆಗಿಂತ ಬಿಳಿಚಿತ್ತು.

ಮದರ್ ಕೈ ಚಾಚಲಿಲ್ಲ. "ಮಗು, ನಿನಗೆ ಬರೋಕೆ ಇಷ್ಟ ಇದೆಯಾ?"

"ಇದೆ ಮದರ್, ನಾಚಿಕೆ ಅವಳಿಗೆ," ಎಂದಳು ಅಜ್ಜಿ.

ಮೇಣದವನು ಎದ್ದು ನಿಂತ. "ಇಲ್ಲ! ಅವಳಿಗೆ ಇಷ್ಟ ಇಲ್ಲ!" ಹುಟ್ಟಿದಂದಿನಿಂದ ಅವನು ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ.

"ನಾನು ನಿಮ್ಮಿಬ್ಬರನ್ನೂ ಕೇಳಿಲ್ಲ," ಎಂದರು ಮದರ್. "ಮಗು?"

ಮಗಳು ಅಜ್ಜಿಯ ಹಿಡಿಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ಇಲ್ಲ ಮದರ್. ನನಗೆ ಕರೆ ಬಂದಿಲ್ಲ. ಯಾವತ್ತಾದ್ರೂ ಬಂದ್ರೆ ನಾನೇ ನಡ್ಕೊಂಡು ಬರ್ತೀನಿ."

"ಸರಿ," ಎಂದರು ಮದರ್. ಅವಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಹರಸಿದರು. ಹಿಂದೆ ಗುಸುಗುಸು ಎದ್ದಿತು. ಯಾರೋ ತಾಯಿ ತನ್ನ ಚಿಕ್ಕ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ದೇವರ ಮುಂದೆ ನನ್ನ ಮಾತು ಹೋಯ್ತಲ್ಲೇ!" ಅಜ್ಜಿ ಅಲ್ಲೇ ಕುಸಿದು ಕೂತಳು.

ಮಗಳು ಅವಳ ಪಕ್ಕ ಮಂಡಿಯೂರಿದಳು. "ಅಜ್ಜಿ, ಅತ್ತೆಗೂ ಇಷ್ಟ ಇರ್ಲಿಲ್ಲ. ಅವಳನ್ನ ಒಂದು ಸಲನಾದ್ರೂ ಕೇಳಿದ್ರಾ?"

ಅಜ್ಜಿ ಉತ್ತರ ಕೊಡಲು ಬಾಯಿ ತೆರೆದಳು. ಅವಳು ಸುತ್ತಲೂ ನೋಡಿದಳು, ಮಗನನ್ನು ಹುಡುಕಿ ಕಣ್ಣು ನಿಲ್ಲಿಸಿದಳು. ದಾರಿ ತಪ್ಪಿದವರು ದಾರಿ ಕೇಳುವ ದನಿಯಲ್ಲಿ ಅವನನ್ನು ಕೇಳಿದಳು.

"ಕೇಳಬೇಕಿತ್ತೇನೋ?"

"ಕೇಳಬೇಕಿತ್ತಮ್ಮ," ಎಂದ ಅವನು.