ನಮ್ಮ ಭಾವನ ಹೊಸ ಸಂವಿಧಾನ

ಮೊದಲೇ ಹೇಳಿಬಿಡ್ತೀನಿ, ನಮ್ಮ ಭಾವ ವೆಂಕಟರವಣಪ್ಪ ಕೆಟ್ಟವರಲ್ಲ. ಹೋದ ವರ್ಷದವರೆಗೂ ಚೆನ್ನಾಗೇ ಇದ್ದರು. ವಿದೇಶ ನೋಡಿ ಬಂದರು ನೋಡಿ, ಅಲ್ಲಿಂದ ಶುರುವಾಯಿತು.

ನಮ್ಮೂರು ಎರ್ರಪ್ಪನಹಳ್ಳಿ, ಶಿಡ್ಲಘಟ್ಟದಿಂದ ಎಂಟು ಕಿಲೋಮೀಟರ್. ಇರೋದು ಎರಡೇ ಬೀದಿ, ಮೇಲಿನದು, ಕೆಳಗಿನದು. ಹೆಚ್ಚುಕಮ್ಮಿ ಎಲ್ಲರ ಮನೇಲೂ ರೇಷ್ಮೆ ಹುಳು. ಊರವರೇ ಸೇರಿ ಒಂದು ಬೆಳೆಗಾರರ ಸಂಘ ಮಾಡ್ಕೊಂಡಿದ್ದೀವಿ. ಅದಕ್ಕೆ ರಿಜಿಸ್ಟ್ರೇಷನ್ನೂ ಇಲ್ಲ, ಸರ್ಕಾರದ ಸೀಲೂ ಇಲ್ಲ. ಮುಖ್ಯ ಕಟ್ಟಳೆ ಒಂದೇ: ಅಧ್ಯಕ್ಷರ ಅವಧಿ ಐದು ವರ್ಷ, ಒಬ್ಬರಿಗೆ ಎರಡೇ ಸಲ, ಆಮೇಲೆ ಕುರ್ಚಿ ಇನ್ನೊಂದು ಬೀದಿಗೆ. ಭಾವ ಮೇಲಿನ ಬೀದಿಯವರು, ನಮ್ಮಕ್ಕ ಅಕ್ಕಯಮ್ಮನ ಗಂಡ. ನಾನು ತನುಜ, ಕೆಳಗಿನ ಬೀದಿಯ ಸೊಸೆ, ಬಿಕಾಂ, ಸಂಘದ ಕಾರ್ಯದರ್ಶಿ. ಭಾವನ ಹತ್ತು ವರ್ಷ ಮುಗಿದ ಮೇಲೆ ಅಧ್ಯಕ್ಷೆ ನಾನೇ ಅಂತ ಊರೇ ಒಪ್ಪಿತ್ತು.

ಆ ಹತ್ತು ವರ್ಷ ನಡಾವಳಿ ಪುಸ್ತಕದಲ್ಲಿ 'ಮಾನ್ಯ ಅಧ್ಯಕ್ಷರು ಸಲಹೆ ನೀಡಿದರು' ಅಂತ ಬರೆದಿದ್ದು ನಾನು. ಸಲಹೆ ನಂದು, ಹೆಸರು ಅವರದು. ಸೊಪ್ಪು ಕೊಯ್ಯೋರು, ಹುಳು ಸಾಕೋರು, ಹಿಕ್ಕೆ ಬಳಿಯೋರು ಹೆಂಗಸರು. ಮೀಟಿಂಗಲ್ಲಿ ಟೀ ಕುಡಿಯೋರು ಗಂಡಸರು. ಒಂದು ಸಲವಾದರೂ ಆ ಕುರ್ಚಿ ಮೇಲೆ ಕೂತು, ನಾನು ಹೇಳೋದನ್ನ ಇನ್ನೊಬ್ಬರು ಬರ್ಕೊಳ್ಳೋದನ್ನ ನೋಡಬೇಕು ಅಂತ ನನಗೆ ಆಸೆ ಇತ್ತು. ದೊಡ್ಡ ಆಸೆಯೇ. ಸಂಕೋಚ ಯಾಕೆ?

ಹೀಗಿರುವಾಗ ಯಾವುದೋ ಯಂತ್ರದ ಕಂಪನಿಯವರು ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹತ್ತು ಜನ ಬೆಳೆಗಾರರನ್ನ ಒಂದು ವಾರ ಮಧ್ಯ ಏಷ್ಯಾದ ದೇಶವೊಂದಕ್ಕೆ ಕರ್ಕೊಂಡು ಹೋದರು. ದೇಶದ ಹೆಸರು ಬರೆಯಲ್ಲ, ನಾಳೆ ನಾನೂ ವೀಸಾ ಕೇಳಬೇಕಾದೀತು. ಕೊನೆಗೆ 'ಸ್ತಾನ್' ಅಂತ ಬರುತ್ತೆ, ಅಷ್ಟು ಸಾಕು. ಒಂಬತ್ತು ಜನ ಯಂತ್ರ ನೋಡಿ ಒಣದ್ರಾಕ್ಷಿ ತಗೊಂಡು ಬಂದರು. ನಮ್ಮ ಭಾವ ಅಲ್ಲಿನ ರಾಷ್ಟ್ರಾಧ್ಯಕ್ಷರನ್ನ ತಲೇಲಿ ತುಂಬಿಕೊಂಡು ಬಂದರು. ಬಸ್ಸಲ್ಲಿ ಹಿಂದಿ ಬಲ್ಲ ಗೈಡ್ ಹುಡುಗಿ ವಾರಪೂರ್ತಿ ಆತನ ಚರಿತ್ರೆಯನ್ನೇ ಹೇಳಿದಳಂತೆ.

ಬಂದ ಮಾರನೇ ದಿನವೇ ಅರಳಿಕಟ್ಟೆ ಮೇಲೆ ಪುರಾಣ ಶುರು. "ಮೊದಲು ಮೇಷ್ಟ್ರಾಗಿದ್ದರಂತೆ ಕಣ್ರಪ್ಪ. ಆಮೇಲೆ ಜಿಲ್ಲೆ ಅಧಿಕಾರಿ. ಆಮೇಲೆ ಮಂತ್ರಿ. ಹಳೇ ಅಧ್ಯಕ್ಷರು ಕಣ್ಣು ಮುಚ್ಚಿದರು, ಇವರು ತಾತ್ಕಾಲಿಕ ಅಂತ ಕೂತರು. ಕೂತವರು ಕೂತೇ ಇದ್ದಾರೆ!"

"ಅದ್ಹೆಂಗೆ ಕೂರೋಕೆ ಬಿಟ್ರು?" ಅಂದರು ಕುರಿ ಕಾಯೋ ಆವುಲಪ್ಪ.

"ಸುಧಾರಣೆ ಮಾಡಿದ್ರಪ್ಪ. ಜನ ನೇರವಾಗಿ ದೂರು ಕೊಡೋ ಹಾಗೆ ಮಾಡಿದ್ರು. ಮೇಷ್ಟ್ರುಗಳನ್ನ, ಡಾಕ್ಟರುಗಳನ್ನ ಹತ್ತಿ ಬಿಡಿಸೋಕೆ ಹೊಲಕ್ಕೆ ಅಟ್ಟುತ್ತಿದ್ದರಂತೆ, ಅದನ್ನ ನಿಲ್ಲಿಸಿದ್ರು. ಗಡಿ ತೆಗೆದ್ರು. ನಾವೂ ಮಾಡಣ."

ಮಾಡಿದರು ಅನ್ನಿ. ನ್ಯಾಯವಾಗಿ ಹೇಳ್ತೀನಿ, ಮೊದಮೊದಲು ಒಳ್ಳೇದೇ ಆಯಿತು. ದೂರು ಹೇಳೋಕೆ ವಾಟ್ಸಾಪ್ ಗ್ರೂಪ್ ಬಂತು, ಬೀದಿ ದೀಪ ಮೂರೇ ದಿನಕ್ಕೆ ಹತ್ತಿತು. ಸಂಘದವರು ವರ್ಷಕ್ಕೆ ಎರಡು ದಿನ ಅಧ್ಯಕ್ಷರ ಹಿಪ್ಪುನೇರಳೆ ತೋಟದಲ್ಲಿ ಬಿಟ್ಟಿ ಕಳೆ ಕೀಳೋ ಪದ್ಧತಿ ಇತ್ತು. ಭಾವ ತಾವಾಗೇ ಅದನ್ನ ತೆಗೆದುಹಾಕಿದರು. ಎರಡು ಬೀದಿ ನಡುವೆ ಇದ್ದ ಮುಳ್ಳುಬೇಲಿ ಕೀಳಿಸಿ ಟೇಪು ಕತ್ತರಿಸಿದರು. ಆ ಗಡಿ ದಾಟಿದ ಮೊದಲ ಪ್ರಜೆ ಆವುಲಪ್ಪನ ಮೇಕೆ. ನಮ್ಮ ಮನೆ ಕರಿಬೇವಿನ ಗಿಡ ಬೋಳಾಯಿತು. ಆದರೂ ನಾನು ಚಪ್ಪಾಳೆ ತಟ್ಟಿದೆ.

ನಾಲ್ಕನೇದು ಎಡವಟ್ಟು. ಆ ದೇಶದಲ್ಲಿ ವಸಂತ ಕಾಲದಲ್ಲಿ ಊರಿಗೂರೇ ಒಂದೇ ದಿನ ಹುಳು ಇಳಿಸಿಕೊಳ್ತಾರಂತೆ. "ಏನು ಶಿಸ್ತು ಅಂತೀಯ ತನುಜಮ್ಮ! ನಮ್ಮಲ್ಲಿ ಮೇಲಿನ ಬೀದಿಯವರು ಇವತ್ತು, ಕೆಳಗಿನ ಬೀದಿಯವರು ಇನ್ನು ಹತ್ತು ದಿನಕ್ಕೆ. ಇದೇನು ಶಿಸ್ತೇ? ಇನ್ನು ಮೇಲೆ ಇಡೀ ಊರಿಗೆ ಒಂದೇ ದಿನ ಚಾಕಿ."

ಚಾಕಿ ಅಂದರೆ ಎರಡು ಜ್ವರ ದಾಟಿದ ಮರಿಹುಳು. ಹುಳು ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತೀವಿ. ಅದನ್ನ ಮನೆಗೆ ತಂದು ಸೊಪ್ಪು ಹಾಕಿದರೆ ಹದಿನೇಳು ಹದಿನೆಂಟು ದಿನಕ್ಕೆ ಹಣ್ಣಾಗುತ್ತೆ. ಹಣ್ಣಾದ ಹುಳು ಯಾರಿಗೂ ಕಾಯಲ್ಲ. ಅವತ್ತೇ ಒಂದೊಂದಾಗಿ ಆರಿಸಿ, ಚಂದ್ರಿಕೆ ಅಂತ ಬಿದಿರಿನ ತಟ್ಟೆ ಇರುತ್ತಲ್ಲ, ಅದರ ಮೇಲೆ ಬಿಡಬೇಕು, ಅಲ್ಲೇ ಗೂಡು ಕಟ್ಟುತ್ತೆ. ಅದಕ್ಕೆ ಹತ್ತು ಹದಿನೈದು ಕೈ ಬೇಕು. ನಮ್ಮ ಹುಳು ಹಣ್ಣಾದಾಗ ಮೇಲಿನ ಬೀದಿಯವರು ಮುಯ್ಯಾಳಾಗಿ ಬರ್ತಾರೆ, ಅವರದು ಹಣ್ಣಾದಾಗ ನಾವು ಹೋಗ್ತೀವಿ. ಅಜ್ಜಂದಿರು ಹತ್ತು ದಿನ ಅಂತರ ಇಟ್ಟಿದ್ದು ಇದಕ್ಕೇ. ಭಾವನಿಗೆ ಇದು ಗೊತ್ತಿರಲಿಲ್ಲವಾ? ಗೊತ್ತಿತ್ತು. ಆದರೆ ಹತ್ತು ವರ್ಷದಿಂದ ಅಧ್ಯಕ್ಷರು, ಹುಳು ಮುಟ್ಟಿದವರಲ್ಲ. ನಾನಾದರೂ ಬಾಯಿ ಬಿಟ್ಟೆನಾ ಅಂದರೆ, ಇಲ್ಲ. ಅವತ್ತು ನನ್ನ ತಲೆ ಬೇರೆ ಕಡೆ ಇತ್ತು. ಯಾಕೆ ಅಂದರೆ ಅದೇ ಮೀಟಿಂಗಲ್ಲಿ ಭಾವ ಐದನೇ ಸುಧಾರಣೆ ಹೊರಗೆ ತೆಗೆದರು.

"ಹೊಸ ಸಂವಿಧಾನ ಬರೀಬೇಕಮ್ಮ. ಅಧ್ಯಕ್ಷರ ಅವಧಿ ಐದು ಸಾಲದು, ಏಳು ವರ್ಷ. ಮತ್ತೆ, ಸಂವಿಧಾನ ಹೊಸದಾದಾಗ ಹಳೇ ಅವಧಿ ಲೆಕ್ಕಕ್ಕೆ ಬರಲ್ಲ. ಅಲ್ಲೂ ಹಂಗೇ ಮಾಡಿದ್ದಾರೆ."

"ಅಂದ್ರೆ ಭಾವ, ನೀವು ಹತ್ತು ವರ್ಷ ಕೂತಿದ್ದು?"

"ಅದು ಹಳೇ ಸಂವಿಧಾನದಾಗೆ ಕೂತಿದ್ದು ಕಣಮ್ಮ. ಹೊಸದರಲ್ಲಿ ನಾನಿನ್ನೂ ಕೂತೇ ಇಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ಹಂಗಾದ್ರೆ ಹೊಸ ಸಂವಿಧಾನದಾಗೆ ನಿಮಗೆ ಮದುವೇನೂ ಆಗಿಲ್ಲ ಅನ್ನಿ, ನಮ್ಮಕ್ಕನ್ನ ತವರಿಗೆ ಕಳಿಸಿಬಿಡಿ" ಅಂದೆ. ಜನ ನಕ್ಕರು. ಭಾವ ನಗಲಿಲ್ಲ. "ಜನಾನೇ ತೀರ್ಮಾನ ಮಾಡ್ಲಿ. ಜನಮತ ಗಣನೆ! ಭಾನುವಾರ ಇಡಣ, ಕೆಲಸಕ್ಕೆ ಹೋಗೋರೂ ಊರಲ್ಲಿರ್ತಾರೆ" ಅಂದುಬಿಟ್ಟರು.

ಚುನಾವಣಾಧಿಕಾರಿ ರಿಟೈರ್ಡ್ ಮೇಷ್ಟ್ರು ಕೋನಪ್ಪನವರು. ಅವರು ಗೌರಿಬಿದನೂರಲ್ಲಿ ಮೂವತ್ತು ವರ್ಷ ಪರೀಕ್ಷೆ ನಡೆಸಿದವರು, ಚೀಟಿಯಲ್ಲಿ ಎರಡು ಪ್ರಶ್ನೆ ಬೇರೆ ಬೇರೆ ಇರಲೇಬೇಕು ಅಂತ ಹಟ ಹಿಡಿದರು. ಒಂದು, ಅವಧಿ ಏಳು ವರ್ಷ ಆಗಬಹುದೇ? ಎರಡು, ಹಳೇ ಅವಧಿ ಬಿಟ್ಟು ಈಗಿನ ಅಧ್ಯಕ್ಷರೇ ಮುಂದುವರಿಯಬಹುದೇ? ಭಾವ ತಮ್ಮ ಕೈಯಾರೆ ಕೆಳಗೆ ಎರಡು ಸಾಲು ಸೇರಿಸಿದರು: 'ಎಷ್ಟು ಜನ ಬಂದರೂ ಬಂದವರ ತೀರ್ಪೇ ಊರ ತೀರ್ಪು. ಇದನ್ನು ಇನ್ನು ಹತ್ತು ವರ್ಷ ಯಾರೂ ಪ್ರಶ್ನಿಸುವಂತಿಲ್ಲ.' ಹೊಸ ಪದ್ಧತಿಯಂತೆ ಊರಿಗೆಲ್ಲ ಚಾಕಿ ಹಂಚಿದ್ದು ಬುಧವಾರ. ಅಲ್ಲಿಂದ ಹದಿನೇಳು ದಿನ ಬಿಟ್ಟು ಬರೋ ಭಾನುವಾರ ವೋಟು.

ಈ ಲೆಕ್ಕ ಯಾರಿಗೂ ಹೊಳೆಯಲಿಲ್ಲ ಅಂದರೆ ನಂಬ್ತೀರಾ? ಇಡೀ ಊರು ರಾಜಕೀಯದಲ್ಲಿ ಮುಳುಗಿತ್ತು. ಭಾವ ಮನೆಮನೆಗೆ ಒಣದ್ರಾಕ್ಷಿ ಹಂಚಿದರು. ನಾನು ಹಿಂದೆಯೇ ಹೋಗಿ, "ದ್ರಾಕ್ಷಿ ತಿನ್ನಿ, ವೋಟು ಬೇಡ ಅಂತ ಹಾಕಿ" ಅಂದೆ. ನಾಲ್ಕನೇ ಜ್ವರ ಎದ್ದಿದ್ದು, ಹುಳು ಬಕಾಸುರನ ಹಾಗೆ ಸೊಪ್ಪು ತಿಂತಿದ್ದದ್ದು ಎಲ್ಲರ ಕಣ್ಣಿಗೂ ಕಂಡಿತ್ತು. ಆದರೆ ನಮ್ಮ ಹುಳು ಹಣ್ಣಾದರೆ ಮುಯ್ಯಾಳು ಬರ್ತಾರೆ ಅಂತ ಪ್ರತಿಯೊಬ್ಬರೂ ಧೈರ್ಯವಾಗಿದ್ದರು. ಎಲ್ಲರ ಮನೇಲೂ ಅದೇ ಧೈರ್ಯ.

ಭಾನುವಾರ ಬೆಳಿಗ್ಗೆ ಎದ್ದು ನೋಡ್ತೀನಿ, ಹುಳು ಜೇನಿನ ಬಣ್ಣಕ್ಕೆ ತಿರುಗಿ ತಲೆ ಎತ್ತಿ ಆಡಿಸ್ತಿದಾವೆ. "ಅಯ್ಯೋ ರಾಮಾ, ಹಣ್ಣಾಗಿದೆ!" ಅಂತ ಕೂಗಿಕೊಂಡೆ. ಅದೇ ಹೊತ್ತಿಗೆ ಪಕ್ಕದ ಮನೆಯಿಂದ ಅದೇ ಕೂಗು. ಎದುರು ಮನೆಯಿಂದ ಅದೇ ಕೂಗು. ಬೀದಿಗೆ ಬಂದರೆ ಎಲ್ಲರೂ ಬಾಗಿಲಲ್ಲಿ ನಿಂತಿದಾರೆ, ಎಲ್ಲರೂ ಮುಯ್ಯಾಳು ಕರೆಯೋಕೆ ಹೊರಟವರೇ, ಬರೋರು ಮಾತ್ರ ಒಬ್ಬರೂ ಇಲ್ಲ. ಒಂದು ಗಳಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಆಮೇಲೆ ಒಳಕ್ಕೆ ಓಡಿದೆವು. ನೆಂಟರನ್ನ ಕರೆಸೋಣ ಅಂದರೆ ಬಸ್ಸು ಬರೋದೇ ಹತ್ತಕ್ಕೆ.

ನಾನು, ನಮ್ಮನೆಯವರು ಜಗನ್, ಅತ್ತೆ, ಮಾವ ಎಲ್ಲ ಕೂತು ಆರಿಸಿದೆವು. ಹನ್ನೊಂದೂವರೆಗೆ ಜಗನ್ ತಲೆ ಎತ್ತಿ, "ಲೇ, ವೋಟು ಹನ್ನೆರಡಕ್ಕೆ ಮುಗಿಯುತ್ತಲ್ಲ?" ಅಂದರು.

"ಹಾಳಾಗೋಗ್ಲಿ ಬಿಡ್ರಿ, ಹುಳು ಗೋಡೆ ಹತ್ತುತಿದಾವೆ."

"ಯಾರೂ ಹೋಗ್ದೆ ಇದ್ರೆ ನಿಮ್ಮ ಭಾವ ಒಬ್ರೇ ಹಾಕ್ಕೊಳ್ತಾರೆ. ಒಂದು ವೋಟಿಗೆ ಸೊನ್ನೆ. ಬಂದವರ ತೀರ್ಪೇ ಊರ ತೀರ್ಪು. ಓಡೇ!"

ಓಡಿದೆ. ಸೀರೆ ತುಂಬ ಹಿಕ್ಕೆ, ತಲೇಲಿ ಸೊಪ್ಪು, ಭುಜದ ಮೇಲೆ ಒಂದು ಹುಳು. ಸಂಘದ ಕಟ್ಟಡದಲ್ಲಿ ಬಿಳಿ ಪಂಚೆ, ಶಲ್ಯ ಹಾಕ್ಕೊಂಡು ಭಾವ, ಪಕ್ಕದಲ್ಲಿ ಮೇಷ್ಟ್ರು, ಮುಂದೆ ಮತಪೆಟ್ಟಿಗೆ ಅಂತ ಸೀಳು ಕೊರೆದ ಬಿಸ್ಕತ್ತಿನ ಡಬ್ಬ. ಮೇಷ್ಟ್ರಿಗೆ ಹುಳು ಇಲ್ಲ, ಆದ್ದರಿಂದ ವೋಟೂ ಇಲ್ಲ. ಭಾವ ಆಗಲೇ ಹಾಕಿ ಕೂತಿದ್ದರು.

"ಬಾಮ್ಮ. ಜನ ಯಾಕೋ ತಡ ಮಾಡ್ತಿದ್ದಾರೆ" ಅಂದರು. ಬೆಳಿಗ್ಗೆ ಆರಕ್ಕೇ ಬಂದು ಕೂತಿದ್ದರಂತೆ, ಫೋನು ಆಫ್ ಮಾಡ್ಕೊಂಡು. ಚುನಾವಣೆ ನೀತಿ ಸಂಹಿತೆ!

ನಾನು ಎರಡಕ್ಕೂ ಬೇಡ ಅಂತ ಗುರುತು ಹಾಕಿ ಡಬ್ಬಕ್ಕೆ ತುರುಕಿದೆ. ಈಗ ಸಮಸಮ. ಹನ್ನೆರಡಕ್ಕೆ ಐದು ನಿಮಿಷ ಇದೆ, ಮೇಷ್ಟ್ರು ಗಡಿಯಾರ ನೋಡ್ತಾ, "ಸಮ ಬಂದರೆ ಅಧ್ಯಕ್ಷರ ಮತವೇ ನಿರ್ಣಾಯಕ" ಅಂತ ನಡಾವಳಿ ಪುಸ್ತಕದಿಂದ ಓದಿದರು. ಆ ಸಾಲನ್ನ ಹತ್ತು ವರ್ಷದ ಹಿಂದೆ ಬರೆದಿದ್ದವಳು ನಾನೇ. ನನ್ನ ಕೈಯನ್ನ ನಾನೇ ಕಚ್ಚಿಕೊಳ್ಳಬೇಕು ಅನ್ನಿಸಿತು. ಅಳು ಬಂತು, ನಿಜ ಹೇಳ್ತೀನಿ.

ಅಷ್ಟರಲ್ಲಿ ಬಾಗಿಲು ದಡ್ ಅಂತು. ನಮ್ಮಕ್ಕ! ಸೆರಗು ಸೊಂಟಕ್ಕೆ ಕಟ್ಟಿದಾಳೆ, ಕೈಯೆಲ್ಲ ಹಳದಿ, ಕಣ್ಣು ಕೆಂಡ.

"ಓರಿ ದೇವುಡಾ, ಇಲ್ಲಿ ಕೂತಿದೀಯಾ? ಹುಳು ಗಣೇಶನ ಫೋಟೋ ಹಿಂದೆ ಗೂಡು ಕಟ್ಟುತಿದಾವೆ! ಫ್ಯಾನ್ ರೆಕ್ಕೆ ಮೇಲೆ ಕಟ್ಟುತಿದಾವೆ! ನಿನ್ನ ಚಪ್ಪಲಿ ಒಳಗೂ ಕಟ್ಟುತಿದಾವೆ! ಒಬ್ಬಳೇ ಎಷ್ಟು ಅಂತ ಆರಿಸ್ಲಿ ನಾನು? ಇಡೀ ಊರಿಗೆ ಒಂದೇ ದಿನ ಚಾಕಿ ಕೊಟ್ಟ ಮಹಾನುಭಾವ, ಎದ್ದೇಳು!"

ಭಾವನ ಮುಖದಲ್ಲಿ ಬಣ್ಣ ಇಳಿದದ್ದು ಆಗ. ಬೆರಳು ಮಡಚಿ ಲೆಕ್ಕ ಹಾಕಿದರು, ಬುಧವಾರದಿಂದ ಭಾನುವಾರಕ್ಕೆ. ಆದರೆ ರಾಜಕಾರಣಿ ರಾಜಕಾರಣಿಯೇ. "ಬಂದದ್ದೇ ಬಂದೆ, ಒಂದು ವೋಟು ಹಾಕಿಬಿಡೇ, ಆಮೇಲೆ ಹೋಗಣ" ಅಂತ ಚೀಟಿ ಮುಂದೆ ಹಿಡಿದರು. ತೋಟ ಅಕ್ಕನ ಹೆಸರಲ್ಲಿದೆ, ಅವಳೂ ಸದಸ್ಯೆ.

ಅಕ್ಕ ಚೀಟಿ ತಗೊಂಡಳು. ಕನ್ನಡಕ ತಂದಿರಲಿಲ್ಲ. "ಮೇಷ್ಟ್ರೇ, ಏನು ಬರೆದಿದೆ ಓದ್ರಿ."

ಮೇಷ್ಟ್ರು ಓದಿದರು. ಅಕ್ಕ ಎರಡನೇದನ್ನ ಮೊದಲು ಹಿಡಿದಳು. "ಇವ್ರೇ ಮುಂದುವರೀಬೇಕಾ ಅಂತ ಕೇಳಿದಾರಾ? ಬೇಡ. ಬೇಡ ಅನ್ನೋದು ಯಾವ ಕಡೆ? ಇಲ್ಲಾ?" ಪೆನ್ನು ಕಾಗದ ಹರಿಯೋ ಹಾಗೆ ಒತ್ತಿದಳು.

"ಅಕ್ಕಯಮ್ಮಾ!" ಅಂದರು ಭಾವ, ಬೆನ್ನಿಗೆ ಗುದ್ದು ಬಿದ್ದವರ ಹಾಗೆ.

"ಸುಮ್ನಿರು. ಮೇಷ್ಟ್ರೇ, ಮೊದಲನೇದೇನು? ಮುಂದೆ ಬರೋರು ಎಷ್ಟು ವರ್ಷ ಕೂರ್ತಾರೆ ಅಂತಲಾ? ಅಷ್ಟೂ ವರ್ಷ ಈ ಮನುಷ್ಯ ಮನೇಲಿರ್ತಾನಾ?"

"ಹೌದಮ್ಮ, ಏಳು ಅಂದರೆ ಏಳು ವರ್ಷ."

"ಹದಿನಾಲ್ಕು ಇಲ್ವಾ?"

"ಇಲ್ಲಮ್ಮ."

"ಸರಿ, ಏಳೇ ಇರ್ಲಿ." ಹೌದು ಅಂತ ಗುರುತು ಹಾಕಿ, ಡಬ್ಬಕ್ಕೆ ಹಾಕಿ, ಕೈ ಕೊಡವಿದಳು. ಹನ್ನೆರಡು ಹೊಡೆಯಿತು. ಮೇಷ್ಟ್ರು ಮೂರು ಚೀಟಿ ಮೂರು ಸಲ ಎಣಿಸಿದರು. ಈಗಿನ ಅಧ್ಯಕ್ಷರು ಮುಂದುವರಿಯೋದು ಎರಡಕ್ಕೆ ಒಂದರಂತೆ ಬಿತ್ತು. ಏಳು ವರ್ಷದ ಅವಧಿ ಎರಡಕ್ಕೆ ಒಂದರಂತೆ ಗೆದ್ದಿತು. ಸರದಿ ಪ್ರಕಾರ ಮುಂದಿನ ಅಧ್ಯಕ್ಷೆ ನಾನು, ಏಳು ವರ್ಷ, ಹತ್ತು ವರ್ಷ ಯಾರೂ ಪ್ರಶ್ನಿಸುವಂತಿಲ್ಲ.

ಸಂಭ್ರಮ ಪಡೋಕೆ ಪುರುಸೊತ್ತಿರಲಿಲ್ಲ. ನಮ್ಮ ಮನೇಲಿ ಇನ್ನೂ ಮೂರು ಜನ ಕೆಲಸ ಮಾಡ್ತಿದ್ದರು, ಅಕ್ಕನ ಮನೇಲಿ ಒಬ್ಬರೂ ಇಲ್ಲ. ನಾನು, ಅಕ್ಕ, ಮೇಷ್ಟ್ರು ಎಲ್ಲ ಅಲ್ಲಿಗೇ ಓಡಿದೆವು. ಭಾವ ಶಲ್ಯ ಬಿಸಾಕಿ, ಪಂಚೆ ಎತ್ತಿ ಕಟ್ಟಿ, ಹತ್ತು ವರ್ಷ ಆದಮೇಲೆ ಹುಳು ಆರಿಸೋಕೆ ಕೂತರು. ಕೈ ಮರೆತಿರಲಿಲ್ಲ, ಹಣ್ಣು ಯಾವುದು ಕಾಯಿ ಯಾವುದು ಅಂತ ನೋಡದೇ ಗೊತ್ತಾಗ್ತಿತ್ತು ಅವರಿಗೆ. ಎಂಥ ಕೈ, ಹತ್ತು ವರ್ಷ ಹಾರಕ್ಕೆ ಕತ್ತು ಬಗ್ಗಿಸೋದರಲ್ಲೇ ಹೋಯಿತಲ್ಲ ಅನ್ನಿಸಿತು.

ಒಂದು ಚಂದ್ರಿಕೆ ತುಂಬೋ ಹೊತ್ತಿಗೆ ಭಾವ ಮೆಲ್ಲಗೆ ಶುರು ಮಾಡಿದರು. "ತನುಜಮ್ಮ, ಗೆದ್ದೆ, ಸಂತೋಷ ಕಣಮ್ಮ. ಆದ್ರೆ ಏಳು ವರ್ಷ ಜಾಸ್ತಿ ಅಂತ ಊರೆಲ್ಲ ಸಾರಿದವಳು ನೀನೇ ಅಲ್ವಾ? ನಾಳೆ ಮೀಟಿಂಗ್ ಕರೆದು ಐದಕ್ಕೆ ಇಳಿಸಿಬಿಡು. ದೊಡ್ಡ ಹೆಸರು ಬರುತ್ತೆ."

ಇಳಿಸ್ತೀನಿ ಭಾವ ಅನ್ನಬೇಕು ಅಂತಲೇ ಬಾಯಿ ತೆಗೆದೆ, ದೇವರಾಣೆ. ಬಂದ ಮಾತು ಬೇರೆ. "ಅದು ನನ್ನ ಸ್ವಂತ ಅಭಿಪ್ರಾಯ ಆಗಿತ್ತು ಭಾವ. ಈಗ ಜನ ತೀರ್ಪು ಕೊಟ್ಟಿದಾರೆ. ಅದನ್ನ ಮೀರೋಕೆ ನಾನ್ಯಾರು?"

ಮೇಷ್ಟ್ರು ಕೆಮ್ಮಿದರು. ಆ ಜನ ಅಂದರೆ ಯಾರು, ಎದುರಿಗೇ ಕೂತು ಹುಳು ಆರಿಸ್ತಿದ್ದ ನಮ್ಮಕ್ಕ, ಭಾವ ಇಬ್ಬರೇ. ಅಕ್ಕ ಕೈ ನಿಲ್ಲಿಸಿ ನನ್ನ ಮುಖವನ್ನ ಒಂದು ಗಳಿಗೆ ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು.

"ಜಗನ್‌ಗೆ ಫೋನ್ ಮಾಡ್ರಿ" ಅಂದಳು. "ಇನ್ನು ಏಳು ವರ್ಷ ಆತ ಒಬ್ಬನೇ ಹುಳು ಆರಿಸ್ಕೊಬೇಕು ಅಂತ ಹೇಳಿಬಿಡಿ."